ಹತ್ತಕ್ಕೆ ಡಿಪೋ, ಹನ್ನೆರಡಕ್ಕೆ ಬ್ಯಾರಕ್ಸ್: ಹತ್ತು ಸಾಲಿನ ಸೂತ್ರಕ್ಕೊಂದು ವ್ಯಾಖ್ಯಾನ

ಹಳೆಯ ನೋಟ್‌ಬುಕ್ಕೊಂದರ ಕೊನೆಯ ಪುಟದಲ್ಲಿ ಹತ್ತು ಸಾಲುಗಳಿವೆ. 2011ರಲ್ಲಿ ನಾನೇ ಬರೆದುಕೊಂಡದ್ದು. ಮೊನ್ನೆ ಅಣ್ಣನ ಮಗನ ಕೈಗೆ ಅದು ಸಿಕ್ಕಿತು. "ಚಿಕ್ಕಪ್ಪ, ಇದೇನು ದಿನಸಿ ಚೀಟಿನಾ?" ಅಂದ. ಅಲ್ಲಪ್ಪ, ಯುದ್ಧ ಅಂದೆ. ನಂಬಲಿಲ್ಲ. ಹೀಗಿದೆ ಮೂಲ:

6 – ಎಸ್‌ಸಿವಿ, ನಿಲ್ಲಿಸದೆ
10 – ಸಪ್ಲೈ ಡಿಪೋ
12 – ಬ್ಯಾರಕ್ಸ್
13 – ರಿಫೈನರಿ
15 – ಆರ್ಬಿಟಲ್ ಕಮಾಂಡ್
15 – ಮರೀನ್, ಬಿಡದೆ
16 – ಸಪ್ಲೈ ಡಿಪೋ
20 – ಕಮಾಂಡ್ ಸೆಂಟರ್
ಆಮೇಲೆ – ಸ್ಟಿಮ್, ಶೀಲ್ಡ್, ಮೆಡಿವ್ಯಾಕ್; ಚದುರಿಸು
ಕೊನೆಗೆ – ಜಿಜಿ

ಇದು ಸ್ಟಾರ್‌ಕ್ರಾಫ್ಟ್ 2 ಎಂಬ ಕಂಪ್ಯೂಟರ್ ಆಟದ ಒಂದು ಬಿಲ್ಡ್ ಆರ್ಡರ್. ಅಂದರೆ ಯಾವುದರ ಹಿಂದೆ ಯಾವುದನ್ನು ಕಟ್ಟಬೇಕು ಎಂಬ ಕ್ರಮ. ಕ್ಯಾಲಿಫೋರ್ನಿಯಾದ ಬ್ಲಿಝಾರ್ಡ್ ಕಂಪನಿ 1998ರ ಮಾರ್ಚ್‌ನಲ್ಲಿ ಸ್ಟಾರ್‌ಕ್ರಾಫ್ಟ್ ತಂದಿತು. ಅದೇ ವರ್ಷದ ಕೊನೆಗೆ 'ಬ್ರೂಡ್ ವಾರ್' ಎಂಬ ಪುರವಣಿ ಬಂತು. ಆಮೇಲೆ ಹನ್ನೆರಡು ವರ್ಷ ಕಾಯಿಸಿ, 2010ರ ಜುಲೈ 27ರಂದು ಎರಡನೆಯ ಆಟದ ಮೊದಲ ಭಾಗ 'ವಿಂಗ್ಸ್ ಆಫ್ ಲಿಬರ್ಟಿ' ಬಿಡುಗಡೆಯಾಯಿತು. ನನ್ನ ಸೂತ್ರ ಆ ಕಾಲದ್ದು.

ಸಾಲಿನ ಮೊದಲಿಗಿರುವ ಸಂಖ್ಯೆ ನಿಮಿಷವೂ ಅಲ್ಲ, ಸೆಕೆಂಡೂ ಅಲ್ಲ. ಆ ಹೊತ್ತಿಗೆ ನಿಮ್ಮ ಪಾಳೆಯದಲ್ಲಿ ಎಷ್ಟು ತಲೆಗಳಿವೆ ಎಂಬ ಲೆಕ್ಕ. ಅಜ್ಜಿ ಹೇಳುವ ಅಡುಗೆಯಲ್ಲಿ ಗಡಿಯಾರ ಇರುವುದಿಲ್ಲವಲ್ಲ. ಸಾಸಿವೆ ಸಿಡಿದ ಮೇಲೆ ಕರಿಬೇವು, ಹಸಿ ವಾಸನೆ ಹೋದ ಮೇಲೆ ನೀರು. ಹಾಗೆಯೇ ಇಲ್ಲಿ, ತಲೆ ಹತ್ತಾದಾಗ ಡಿಪೋ, ಹನ್ನೆರಡಾದಾಗ ಬ್ಯಾರಕ್ಸ್. ಈ ಆಟದಲ್ಲಿ ಚದುರಂಗದಂತೆ ಸರದಿ ಇಲ್ಲ. ನೀವು ಯೋಚಿಸುತ್ತಾ ಕುಳಿತರೆ ಎದುರಾಳಿ ಕಾಯುವುದಿಲ್ಲ, ಅವನೂ ಅದೇ ಕ್ಷಣದಲ್ಲಿ ಕಟ್ಟುತ್ತಿರುತ್ತಾನೆ. ಆದ್ದರಿಂದ ಮೊದಲ ನಾಲ್ಕೈದು ನಿಮಿಷವನ್ನು ಯೋಚನೆಗೆ ಬಿಡದೆ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು. ಸೂತ್ರ ಬೇಕಾದದ್ದು ಅದಕ್ಕೆ.

6 – ಎಸ್‌ಸಿವಿ, ನಿಲ್ಲಿಸದೆ

'ಎಸ್‌ಸಿವಿ' ಎಂದರೆ ಕೂಲಿಯಾಳು. ಮನುಷ್ಯನೊಬ್ಬ ಒಳಗೆ ಕೂತು ನಡೆಸುವ ಯಂತ್ರ. ಅಗೆಯುವುದು, ಹೊರುವುದು, ಕಟ್ಟುವುದು, ರಿಪೇರಿ ಎಲ್ಲಾ ಅದರದ್ದೇ. ಆಟದಲ್ಲಿ ಮೂರು ಕುಲಗಳಿವೆ: ಭೂಮಿಯಿಂದ ಗಡೀಪಾರಾಗಿ ಬಂದ ಮನುಷ್ಯರಾದ ಟೆರ್ರನ್ನರು, ಹುಳುಗಳಂತೆ ಮುತ್ತುವ ಜರ್ಗ್‌ಗಳು, ತಮ್ಮ ಹಿರಿಮೆಯ ಬಗ್ಗೆ ಸ್ವಲ್ಪ ಹೆಚ್ಚೇ ಅಭಿಮಾನವಿರುವ ಪ್ರೋಟಾಸ್‌ಗಳು. ನಮ್ಮದು ಟೆರ್ರನ್ ಸೂತ್ರ. ಆಟ ಶುರುವಾಗುವಾಗ ಕೈಯಲ್ಲಿ ಆರು ಕೂಲಿಗಳು ಮತ್ತು 50 ಖನಿಜ ಇರುತ್ತಿದ್ದವು. ಒಬ್ಬ ಕೂಲಿಯ ಬೆಲೆಯೂ ಸರಿಯಾಗಿ 50. ಮೊದಲ ಆಟದಲ್ಲಿ ನಾಲ್ಕೇ ಕೂಲಿಗಳಿದ್ದರು.

'ನಿಲ್ಲಿಸದೆ' ಎಂಬ ಮಾತಿನಲ್ಲಿ ದೊಡ್ಡ ಜಗಳ ಅಡಗಿದೆ, ಇಲ್ಲಿ ಸ್ವಲ್ಪ ಕೂರಬೇಕು.

ಹಳೆಯ ಆಟದಲ್ಲಿ ಹೊಸ ಕೂಲಿ ಹುಟ್ಟಿದರೆ ಸುಮ್ಮನೆ ನಿಂತುಬಿಡುತ್ತಿದ್ದ. ನೀವೇ ಹೋಗಿ, ಅವನನ್ನು ಹಿಡಿದು, ಖನಿಜದ ಮೇಲೆ ಕ್ಲಿಕ್ ಮಾಡಿ ಕೆಲಸಕ್ಕೆ ಹಚ್ಚಬೇಕು. ಯುದ್ಧ ನಡೆಯುತ್ತಿದ್ದರೂ ಅಷ್ಟೇ, ಕಣ್ಣು ಅಲ್ಲಿಂದ ತೆಗೆದು ಮನೆಗೆ ಬರಬೇಕು. ಒಂದು ಸಲಕ್ಕೆ ಹನ್ನೆರಡು ಜನಕ್ಕಿಂತ ಹೆಚ್ಚು ಸೈನಿಕರನ್ನು ಆರಿಸಿಕೊಳ್ಳುವಂತಿಲ್ಲ. ಹತ್ತು ಬ್ಯಾರಕ್ಸ್ ಇದ್ದರೆ ಹತ್ತನ್ನೂ ಒಂದೊಂದಾಗಿ ಮುಟ್ಟಿ ಆಜ್ಞೆ ಕೊಡಬೇಕು. ಕೊರಿಯಾದ ವೃತ್ತಿ ಆಟಗಾರರು ನಿಮಿಷಕ್ಕೆ 300 ಸಲ ಕೀಲಿ, ಮೌಸ್ ಒತ್ತುತ್ತಿದ್ದುದು ಇದಕ್ಕಾಗಿ.

ಎರಡನೆಯ ಆಟ ಈ ಕಷ್ಟವನ್ನೆಲ್ಲ ಒರೆಸಿ ಹಾಕಿತು. ಕೂಲಿ ಹುಟ್ಟಿದ ತಕ್ಷಣ ತಾನೇ ಗಣಿಗೆ ನಡೆಯುತ್ತಾನೆ. ಇಡೀ ದಂಡನ್ನು ಒಂದೇ ಎಳೆತಕ್ಕೆ ಹಿಡಿಯಬಹುದು. ಹತ್ತು ಬ್ಯಾರಕ್ಸಿಗೆ ಒಂದೇ ಆಜ್ಞೆ ಸಾಕು. ಹೊಸಬನಿಗೆ ಇದು ವರ, ನನ್ನಂಥ ಮಂದಗೈಯವನಿಗಂತೂ ಜೀವದಾನ. ಆದರೆ 2007ರ ಮೇ 19ರಂದು ಸೋಲ್ ನಗರದಲ್ಲಿ ಆಟವನ್ನು ಘೋಷಿಸಿ, ಒಂದೊಂದೇ ವಿವರ ಹೊರಬರತೊಡಗಿದಾಗ ಹಳಬರ ಮುಖ ಗಂಟಿಕ್ಕಿತು. ಹತ್ತು ವರ್ಷ ಬೆರಳು ಸವೆಸಿ ಕಲಿತದ್ದನ್ನು ಯಂತ್ರಕ್ಕೆ ಒಪ್ಪಿಸಿದರೆ ಆಟದಲ್ಲಿ ಉಳಿಯುವುದೇನು ಎಂಬುದು ಅವರ ಪ್ರಶ್ನೆ. ಹೊರಗಿನವರಿಗೆ ಇದು ಹಠದಂತೆ ಕಾಣುತ್ತದೆ. ಮಗ್ಗದಲ್ಲಿ ನೇಯ್ದವರನ್ನು ಪವರ್‌ಲೂಮ್ ಬಗ್ಗೆ ಕೇಳಿ ನೋಡಿ, ಅಷ್ಟು ಹಠ ಅನ್ನಿಸಲಾರದು.

ಅಂದಹಾಗೆ, ಆಟವನ್ನು ಸೋಲ್‌ನಲ್ಲೇ ಘೋಷಿಸಿದ್ದಕ್ಕೂ ಕಾರಣವಿದೆ. ಅಮೆರಿಕದವರು ಬರೆದ ಆಟವನ್ನು ಸಾಕಿ ಬೆಳೆಸಿದ್ದು ದಕ್ಷಿಣ ಕೊರಿಯಾ. 1997ರ ಆರ್ಥಿಕ ಕುಸಿತದ ನಂತರ ಅಲ್ಲಿ ಬೀದಿಬೀದಿಗೆ ಎದ್ದ ಪಿಸಿ ಬಾಂಗ್ ಎಂಬ ಕಂಪ್ಯೂಟರ್ ಕೇಂದ್ರಗಳಲ್ಲಿ ಈ ಆಟ ಬೇರುಬಿಟ್ಟಿತು. ಎರಡು ಕೇಬಲ್ ಟಿವಿ ಚಾನೆಲ್‌ಗಳು ಅದನ್ನು ನೇರಪ್ರಸಾರ ಮಾಡುತ್ತಿದ್ದವು. 2004ರಲ್ಲಿ ಬುಸಾನಿನ ಗ್ವಾಂಗಲ್ಲಿ ಕಡಲತೀರದಲ್ಲಿ ನಡೆದ ಫೈನಲ್‌ಗೆ ಲಕ್ಷ ಜನ ಸೇರಿದ್ದರೆಂದು ಆಗ ವರದಿಯಾಗಿತ್ತು. ಘೋಷಣೆಯ ದಿನ ತೋರಿಸಿದ ಚಿತ್ರದ ಕೊನೆಗೆ, ಕೈದಿಯೊಬ್ಬ ಲೋಹದ ಕವಚ ತೊಟ್ಟು ನಿಂತು, ಅಂತೂ ಹೊತ್ತು ಬಂತು ಎಂಬರ್ಥದ ಮಾತೊಂದನ್ನು ಗೊಣಗುತ್ತಾನೆ. ಸಭಾಂಗಣ ಕಿರುಚಾಡಿದ್ದು ಆ ಕೈದಿಗಾಗಿ ಅಲ್ಲ.

10 – ಸಪ್ಲೈ ಡಿಪೋ

ಡಿಪೋ ಎಂದರೆ ಉಗ್ರಾಣ. ಸೇನೆಗೆ ಅನ್ನ ಬೇಕಲ್ಲ. ಮುಖ್ಯ ಕೇಂದ್ರ ಆಗ 11 ತಲೆಗಳನ್ನು ಮಾತ್ರ ಸಾಕುತ್ತಿತ್ತು. 100 ಖನಿಜ ಕೊಟ್ಟು ಒಂದು ಡಿಪೋ ಕಟ್ಟಿದರೆ ಇನ್ನೂ ಎಂಟು ತಲೆಗೆ ಜಾಗ. ಹನ್ನೊಂದಾದ ಮೇಲೆ ನೆನಪಾದರೆ ತಡವಾಯಿತು, ಉಗ್ರಾಣ ಏಳುವವರೆಗೆ ಎಲ್ಲ ಕೆಲಸ ನಿಂತು ಬಾಯಿ ಬಿಡುತ್ತದೆ. ಆದ್ದರಿಂದ ಹತ್ತಕ್ಕೇ ಶುರು.

ಹೊಸ ಆಟದಲ್ಲಿ ಈ ಕಟ್ಟಡ ಒಂದು ಹೊಸ ವಿದ್ಯೆ ಕಲಿತುಕೊಂಡಿತು. ಅದನ್ನು ನೆಲದೊಳಗೆ ಇಳಿಸಬಹುದು, ಬೇಕಾದಾಗ ಮೇಲೆತ್ತಬಹುದು. ನಿಮ್ಮ ಪಾಳೆಯ ಸಾಮಾನ್ಯವಾಗಿ ದಿಬ್ಬದ ಮೇಲಿರುತ್ತದೆ, ಹತ್ತಿ ಬರಲು ಒಂದೇ ಇಳಿಜಾರು. ಆ ಇಳಿಜಾರಿನ ತುದಿಯಲ್ಲಿ ಎರಡು ಡಿಪೋ, ನಡುವೆ ಒಂದು ಬ್ಯಾರಕ್ಸ್ ಇಟ್ಟರೆ ಕೋಟೆಗೋಡೆಯಾಯಿತು, ಇಳಿಸುವ ಡಿಪೋ ಕೋಟೆಬಾಗಿಲಾಯಿತು. ಇಡೀ ಎರಡನೆಯ ಆಟದಲ್ಲಿ ಯಾರೂ ತಕರಾರು ಎತ್ತದ ಸುಧಾರಣೆ ಒಂದಿದ್ದರೆ ಇದೇ ಇರಬೇಕು.

12 – ಬ್ಯಾರಕ್ಸ್

150 ಖನಿಜದ ಸೈನಿಕರ ವಸತಿ. ಇದರಿಂದ ಮರೀನ್‌ಗಳು ಹೊರಬರುತ್ತಾರೆ. ಡಿಪೋ ಇಲ್ಲದೆ ಬ್ಯಾರಕ್ಸ್ ಕಟ್ಟುವಂತಿಲ್ಲ, ಆದ್ದರಿಂದ ಹತ್ತರ ನಂತರ ಹನ್ನೆರಡು. ಆದರೆ ಈ ನಿಯಮ ಆಟ ಬಿಡುಗಡೆಯಾದಾಗ ಇರಲೇ ಇಲ್ಲ. ನನ್ನ ಸೂತ್ರದ ಎರಡು ಮೂರನೆಯ ಸಾಲುಗಳ ಈ ಕ್ರಮವನ್ನು ಕಂಪನಿ ಹೊರಗಿನಿಂದ ಹೇರಿದ್ದು.

ಕಥೆ ಹೀಗಿದೆ. 2010ರ ಬೇಸಿಗೆ ಕಳೆದು ಆಟ ಬಂದ ಹೊಸದರಲ್ಲಿ ಟೆರ್ರನ್ ಆಟಗಾರರು ಡಿಪೋವನ್ನೂ ಕಟ್ಟದೆ ನೇರ ಬ್ಯಾರಕ್ಸ್ ಕಟ್ಟಿ, ಎದುರಾಳಿಯ ಮನೆಬಾಗಿಲಲ್ಲೇ ಬಂಕರ್ ಎಬ್ಬಿಸಿ ಒಳಗಿನಿಂದ ಗುಂಡು ಹಾರಿಸುತ್ತಿದ್ದರು. ಇದಕ್ಕೆ ಹೆಚ್ಚು ಬಲಿಯಾದವರು ಜರ್ಗ್ ಆಟಗಾರರು. ಜರ್ಗ್ ಕೈಲಾಗದ ಕುಲ, ಅದನ್ನು ಆರಿಸಿಕೊಂಡವನು ಮೂರ್ಖ ಎಂಬ ಮಾತು ಹಬ್ಬಿತು. ಸೆಪ್ಟೆಂಬರ್‌ನಲ್ಲಿ ಕಂಪನಿ ತಿದ್ದುಪಡಿ ತಂದು ಬಂಕರ್ ಕಟ್ಟುವ ಸಮಯವನ್ನು ಐದು ಸೆಕೆಂಡು ಹೆಚ್ಚಿಸಿತು. ಕೊರಿಯಾದಲ್ಲಿ ಹತ್ತು ಕೋಟಿ ವೋನ್ ಬಹುಮಾನದ ಹೊಸ ಟೂರ್ನಿ ಜಿಎಸ್‌ಎಲ್ ನಡೆಯುತ್ತಿತ್ತು. ಅಕ್ಟೋಬರ್ 2ರ ಫೈನಲ್‌ನಲ್ಲಿ ಗೆದ್ದವನು ಯಾರು? 'ಹಣ್ಣಿನ ವ್ಯಾಪಾರಿ' ಎಂಬ ಅರ್ಥದ ಹೆಸರಿಟ್ಟುಕೊಂಡಿದ್ದ ಕಿಮ್ ವೊನ್-ಕಿ, ಜರ್ಗ್ ಆಟಗಾರ! ಕೈಲಾಗದ ಕುಲ ಕಪ್ ಎತ್ತಿತು. ಅಷ್ಟಾದರೂ ಅದೇ ತಿಂಗಳು ಇನ್ನೊಂದು ತಿದ್ದುಪಡಿ ಬಂತು: ಬ್ಯಾರಕ್ಸಿಗೆ ಮೊದಲು ಡಿಪೋ ಇರಲೇಬೇಕು.

ತಿದ್ದುಪಡಿ ಸರಿಯೇ ಇದ್ದೀತು. ನನಗೆ ಮುಖ್ಯವೆನಿಸುವುದು ಅದರ ಹಿಂದಿನ ಅಭ್ಯಾಸ. ಹಳೆಯ ಸ್ಟಾರ್‌ಕ್ರಾಫ್ಟಿನಲ್ಲಿ ಕುಲಗಳ ಬಲಾಬಲ ತಿದ್ದಿದ ಕೊನೆಯ ಪರಿಷ್ಕರಣೆ ಬಂದದ್ದು 2001ರಲ್ಲಿ. ಅಲ್ಲಿಂದಾಚೆಗೆ ಕಂಪನಿ ಅದರ ತೂಕಕ್ಕೆ ಕೈ ಹಾಕಲಿಲ್ಲ. ಒಂದು ಕುಲ ಹೆಚ್ಚು ಗೆಲ್ಲತೊಡಗಿದರೆ ಕೊರಿಯಾದ ಭೂಪಟ ರಚಿಸುವವರು ಇಳಿಜಾರನ್ನು ಕಿರಿದು ಮಾಡಿಯೋ, ಗಣಿಯನ್ನು ದೂರವಿಟ್ಟೋ ಸರಿಪಡಿಸುತ್ತಿದ್ದರು. ಇಲ್ಲವಾದರೆ ಯಾರೋ ಹದಿನೆಂಟರ ಹುಡುಗ ಹೊಸ ಪಟ್ಟು ಕಂಡುಹಿಡಿಯುತ್ತಿದ್ದ. ಸೋತವನು ತನ್ನನ್ನೇ ಬೈದುಕೊಳ್ಳಬೇಕಿತ್ತು, ಬೇರೆ ದಾರಿ ಇರಲಿಲ್ಲ. ಎರಡನೆಯ ಆಟದಲ್ಲಿ ದೂರು ಕೇಳುವ ಕಿವಿ ಇತ್ತು, ಆದ್ದರಿಂದ ದೂರೂ ಇತ್ತು. ಸೋತವನು ಮೊದಲು ಮಾಡುತ್ತಿದ್ದ ಕೆಲಸ ತನ್ನ ತಪ್ಪು ಹುಡುಕುವುದಲ್ಲ, ಮುಂದಿನ ತಿದ್ದುಪಡಿ ಯಾವಾಗ ಎಂದು ಕೇಳುವುದು. ನಾನೂ ಹಾಗೇ ಮಾಡಿದ್ದೇನೆ, ಬಹಳ ಸಲ.

ಸ್ಟಾರ್‌ಕ್ರಾಫ್ಟ್ 2 ಕೆಟ್ಟ ಆಟವೆಂದು ಹೇಳಿದವರು ಕಡಿಮೆ. ಹಳಬರ ನೋವು ಬೇರೆ ಇತ್ತು. ಮೊದಲ ಆಟ ತಯಾರಕರ ಕೈತಪ್ಪಿ ಆಡುವವರ ಕೈ ಸೇರಿಬಿಟ್ಟಿತ್ತು. ಎರಡನೆಯದನ್ನು ತಯಾರಕರು ಕೈಬಿಡಲೇ ಇಲ್ಲ. ಮುಂದಿನ ಸಾಲುಗಳನ್ನು ಓದುವಾಗ ಇದು ನೆನಪಿರಲಿ.

13 – ರಿಫೈನರಿ

ಗ್ಯಾಸ್ ತೆಗೆಯುವ ಸ್ಥಾವರ. ಬೆಲೆ 75. ಮೂರು ಕೂಲಿಗಳನ್ನು ಹಾಕಿ. ಇದರಲ್ಲಿ ವ್ಯಾಖ್ಯಾನಿಸುವಂಥದ್ದೇನೂ ಇಲ್ಲ.

15 – ಆರ್ಬಿಟಲ್ ಕಮಾಂಡ್

ಬ್ಯಾರಕ್ಸ್ ಮುಗಿದ ಕೂಡಲೇ 150 ಖನಿಜ ಕೊಟ್ಟು ಮುಖ್ಯ ಕೇಂದ್ರಕ್ಕೆ ಬಡ್ತಿ ಕೊಡಿ ಎಂದು ತಾತ್ಪರ್ಯ. ಬಡ್ತಿ ಪಡೆದ ಕೇಂದ್ರ ಆಕಾಶದಿಂದ 'ಮ್ಯೂಲ್' ಎಂಬ ಹೇಸರಗತ್ತೆಯನ್ನು ಇಳಿಸುತ್ತದೆ. ಅದು ಸುಮಾರು ನಾಲ್ಕು ಕೂಲಿಗಳ ಕೆಲಸ ಮಾಡಿ, ಸ್ವಲ್ಪ ಹೊತ್ತಿಗೆ ಬಿದ್ದುಹೋಗುತ್ತದೆ. ಮತ್ತೆ ಶಕ್ತಿ ತುಂಬಿದಾಗ ನೀವೇ ನೆನಪಿಟ್ಟು ಇನ್ನೊಂದನ್ನು ಕರೆಯಬೇಕು. ಜರ್ಗ್ ಕುಲದವನು ರಾಣಿಹುಳುವಿನ ಕೈಲಿ ಆಗಾಗ ಮೊಟ್ಟೆ ಇಡಿಸುತ್ತಿರಬೇಕು. ಪ್ರೋಟಾಸ್ ಕುಲದವನು ಕಟ್ಟಡಗಳಿಗೆ ಕಾಲದ ವೇಗ ಹೆಚ್ಚಿಸುತ್ತಿರಬೇಕು.

ಈ ಕತ್ತೆ ಎಲ್ಲಿಂದ ಬಂತು? ಮೊದಲ ಸಾಲಿನ ಜಗಳದಿಂದ. ಕೂಲಿಗಳು ತಾವೇ ಕೆಲಸಕ್ಕೆ ಹೋಗತೊಡಗಿದರೆ ಆಟಗಾರ ಮನೆ ಕಡೆ ಯಾಕೆ ಕಣ್ಣು ಹಾಯಿಸುತ್ತಾನೆ, ಯುದ್ಧ ಮತ್ತು ಗೃಹಕೃತ್ಯದ ನಡುವಿನ ಎಳೆದಾಟ ಎಲ್ಲಿ ಉಳಿಯಿತು ಎಂದು ಹಳಬರು ಕೇಳಿದ್ದರಲ್ಲ, ಅದಕ್ಕೆ ಕಂಪನಿ ಕೊಟ್ಟ ಉತ್ತರ ಈ ಕತ್ತೆ. ತೆಗೆದ ಹೊರೆಯ ಜಾಗಕ್ಕೆ ಇನ್ನೊಂದು ಹೊರೆ. ಬಾವಿಯಿಂದ ನೀರು ಸೇದುವ ಕಷ್ಟ ತಪ್ಪಲೆಂದು ಪಂಪು ಹಾಕಿಸಿ, ಮನೆಯವರಿಗೆ ವ್ಯಾಯಾಮವಿಲ್ಲವಾಯಿತೆಂದು ಹತ್ತು ನಿಮಿಷಕ್ಕೊಮ್ಮೆ ಸ್ವಿಚ್ ಒತ್ತಬೇಕಾದ ವ್ಯವಸ್ಥೆ ಮಾಡಿದ ಹಾಗೆ.

ನನ್ನ ತೀರ್ಪು ಕೇಳಿದರೆ, ಆಟದಲ್ಲಿ ಅತ್ಯಂತ ಜಾಣತನದ ಮತ್ತು ಅತ್ಯಂತ ಕೃತಕವಾದ ವಸ್ತು ಇದೇ. ಹಳೆಯ ಕಷ್ಟ ಆಡುವವನಿಗೆ ಯಂತ್ರದ ಮಿತಿಯಂತೆ ಕಾಣುತ್ತಿತ್ತು, ಯಾರೋ ಬೇಕೆಂದೇ ಹೊರಿಸಿದಂತೆ ಅನ್ನಿಸುತ್ತಿರಲಿಲ್ಲ. ಹೊಸ ಕಷ್ಟಕ್ಕೆ ಒಬ್ಬ ಕರ್ತೃ ಇದ್ದಾನೆ. ಕೈ ಎರಡನ್ನೂ ಒಂದೇ ಥರ ಮಾಡುತ್ತದೆ, ಮನಸ್ಸು ಒಪ್ಪುವುದಿಲ್ಲ. ಕಂಪನಿಯವರಿಗೂ ಇದು ಕಾಡಿರಬೇಕು. 2015ರಲ್ಲಿ ಮೂರನೆಯ ಭಾಗದ ಪರೀಕ್ಷಾ ಹಂತದಲ್ಲಿ ಕತ್ತೆಯನ್ನೂ ಉಳಿದೆರಡು ಹೊರೆಗಳನ್ನೂ ಒಮ್ಮೆ ತೆಗೆದೇಬಿಟ್ಟರು. ಆಮೇಲೆ ಸ್ವಲ್ಪ ಬಡಕಲು ಮಾಡಿ ವಾಪಸ್ ತಂದರು.

15 – ಮರೀನ್, ಬಿಡದೆ

ಅದೇ ಸಂಖ್ಯೆ ಎರಡು ಸಲ ಬಂದದ್ದು ಬರಹದ ತಪ್ಪಲ್ಲ, ಎರಡೂ ಕೆಲಸ ಒಂದೇ ಉಸಿರಿಗೆ ಆಗಬೇಕು. ಮರೀನ್ ಅಂದರೆ ಕಾಲಾಳು. 50 ಖನಿಜ, 45 ಪ್ರಾಣಬಲ, ಕೈಯಲ್ಲೊಂದು ಬಂದೂಕು. ಕಥೆಯ ಪ್ರಕಾರ ಇವರಲ್ಲಿ ಬಹಳಷ್ಟು ಮಂದಿ ಮಿದುಳು ತೊಳೆಸಿಕೊಂಡ ಅಪರಾಧಿಗಳು. ಕಥೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆಡಬೇಕೆಂದಿರುವವರು ಮುಂದಿನ ಪ್ಯಾರಾ ದಾಟಿ ಹೋಗಬಹುದು.

'ಬ್ರೂಡ್ ವಾರ್' ಕೊನೆಯಾದಾಗ ಒಬ್ಬ ಒಳ್ಳೆಯವನೂ ಗೆದ್ದಿರಲಿಲ್ಲ. ಮನುಷ್ಯಳಾಗಿದ್ದು ಜರ್ಗ್‌ಗಳ ರಾಣಿಯಾಗಿ ಮಾರ್ಪಟ್ಟ ಕೆರಿಗನ್, ಮಿತ್ರರನ್ನೆಲ್ಲ ಒಬ್ಬೊಬ್ಬರಾಗಿ ವಂಚಿಸಿ ಏಕಾಂಗಿಯಾಗಿ ಸಿಂಹಾಸನದಲ್ಲಿ ಉಳಿದಿದ್ದಳು. 1998ರಲ್ಲಿ ಅಷ್ಟು ಕಹಿಯಾದ ಮುಕ್ತಾಯ ಆಟಗಳಲ್ಲಿ ಅಪರೂಪ. 'ವಿಂಗ್ಸ್ ಆಫ್ ಲಿಬರ್ಟಿ' ನಾಲ್ಕು ವರ್ಷ ಮುಂದಕ್ಕೆ ಹೋಗಿ, ಅವಳನ್ನು ಪ್ರೀತಿಸಿದ್ದ ಜಿಮ್ ರೇನರ್ ಒಂದು ಬಾರಿನಲ್ಲಿ ಕುಡಿಯುತ್ತಾ ಕೂತಲ್ಲಿಂದ ಶುರುವಾಗುತ್ತದೆ. ಪುರಾತನ ಕುಲವೊಂದು ಬಿಟ್ಟುಹೋದ ಯಂತ್ರದ ತುಂಡುಗಳನ್ನು ಒಟ್ಟುಗೂಡಿಸಿ, ಕೊನೆಗೆ ಅದರ ಬಲದಿಂದ ರೇನರ್ ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡುತ್ತಾನೆ. ಅವಳನ್ನು ಕೊಲ್ಲಲೆಂದು ಒಪ್ಪಂದ ಮಾಡಿಕೊಂಡಿದ್ದ ಹಳೆಯ ಗೆಳೆಯ ಟೈಕಸ್‌ನನ್ನು, ಅಂದರೆ ಘೋಷಣೆಯ ಚಿತ್ರದ ಆ ಕೈದಿಯನ್ನೇ, ಗುಂಡಿಟ್ಟು ಕೊಲ್ಲುತ್ತಾನೆ.

ವಿಮರ್ಶಕರು ಇದನ್ನು ಮೆಚ್ಚಿದರು, ಸಾರಾಸಗಟಾಗಿ. ವಿಮರ್ಶೆಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 93 ಅಂಕ. ಮೊದಲ ದಿನವೇ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ, 48 ಗಂಟೆಯಲ್ಲಿ 15 ಲಕ್ಷ, ಒಂದು ತಿಂಗಳಲ್ಲಿ 30 ಲಕ್ಷ ಮಾರಾಟವಾದವೆಂದು ಕಂಪನಿ ಹೇಳಿತು. ಹೊಗಳಿಕೆ ಪೊಳ್ಳಲ್ಲ. ಒಂದು ಸಾಹಸದಲ್ಲಿ ಲಾವಾ ಏರಿಳಿಯುತ್ತದೆ, ಇಳಿದಾಗ ಅಗೆದು ಏರುವಷ್ಟರಲ್ಲಿ ಓಡಬೇಕು. ಇನ್ನೊಂದರಲ್ಲಿ ರೈಲು ದರೋಡೆ. ಮತ್ತೊಂದರಲ್ಲಿ ಹಗಲು ನಿಮ್ಮದು, ರಾತ್ರಿ ಪಿಶಾಚಿಗಳಂತೆ ಬರುವ ಸೋಂಕಿತರದ್ದು. ಮನೆ ಕಟ್ಟು, ಶತ್ರುವನ್ನು ಒಡೆ ಎಂಬ ಒಂದೇ ರಾಗ ಹಾಡುತ್ತಿದ್ದ ಈ ಪ್ರಕಾರದಲ್ಲಿ ಅಷ್ಟು ವೈವಿಧ್ಯ ಮೊದಲು ಇರಲಿಲ್ಲ.

ಕಥೆಯ ಬಗ್ಗೆ ಅಭಿಮಾನಿಗಳು ಮಾತ್ರ ಇಬ್ಭಾಗವಾದರು. ಯಾರಿಗೂ ತಲೆಬಾಗದ ವಂಚಕಿ ರಾಣಿ, ಪ್ರಿಯಕರನ ತೋಳಿನಲ್ಲಿ ಎತ್ತಿಸಿಕೊಂಡು ಹೋಗುವ ಹೆಣ್ಣಾದಳು. ರಾಜಕೀಯದ ಕಥೆ ಭವಿಷ್ಯವಾಣಿಯ ಕಥೆಯಾಯಿತು. ಚಿತ್ರಣ ಎಷ್ಟು ಸೊಗಸಾಗಿತ್ತೆಂದರೆ ಬರವಣಿಗೆಯ ತೆಳುವು ಇನ್ನಷ್ಟು ಎದ್ದು ಕಂಡಿತು. ನಾನು ಈ ಗುಂಪಿಗೇ ಸೇರಿದವನು. ಜೊತೆಗೆ, 2008ರ ಅಕ್ಟೋಬರ್‌ನಲ್ಲಿ ಕಂಪನಿ ಕಥೆಯನ್ನು ಮೂರು ಪೆಟ್ಟಿಗೆಗಳಲ್ಲಿ ಬೇರೆಬೇರೆಯಾಗಿ ಮಾರುವುದಾಗಿ ಹೇಳಿದಾಗಲೇ ಗೊಣಗಾಟ ಎದ್ದಿತ್ತು. ಒಂದೊಂದು ಕುಲದ್ದೂ ಒಂದೊಂದು ಪೂರ್ತಿ ಆಟದಷ್ಟು ಉದ್ದ ಎಂಬ ಸಮಜಾಯಿಷಿ ಸುಳ್ಳಾಗಿರಲಿಲ್ಲ. ಆದರೂ ಜರ್ಗ್ ಕಥೆಗೆ 2013ರ ಮಾರ್ಚ್‌ವರೆಗೆ, ಪ್ರೋಟಾಸ್ ಕಥೆಗೆ 2015ರ ನವೆಂಬರ್‌ವರೆಗೆ ಕಾಯಬೇಕಾಯಿತು. ಧಾರಾವಾಹಿಗೂ ಅಷ್ಟು ತಾಳ್ಮೆ ಬೇಕಾಗುವುದಿಲ್ಲ.

16 – ಸಪ್ಲೈ ಡಿಪೋ

ಪುನರುಕ್ತಿ ದೋಷವಲ್ಲ. ಕೋಟೆಗೋಡೆಯ ಮೂರನೆಯ ಕಲ್ಲು ಇದು, ಬಾಗಿಲು ಇಲ್ಲಿಗೆ ಮುಚ್ಚಿತು.

20 – ಕಮಾಂಡ್ ಸೆಂಟರ್

400 ಖನಿಜ ಸುರಿದು ಎರಡನೆಯ ಊರು ಕಟ್ಟುವುದು. ಸೂತ್ರದಲ್ಲಿ ಇಲ್ಲಿಯವರೆಗೆ ಇದ್ದುದು ಕಾವಲು, ಇಲ್ಲಿಂದ ಆಸೆ. ಎದುರಾಳಿ ಈಗ ನುಗ್ಗಿದರೆ ನೀವು ಮುಗಿದಿರಿ, ನುಗ್ಗದಿದ್ದರೆ ಇನ್ನು ಐದು ನಿಮಿಷಕ್ಕೆ ನೀವೇ ಶ್ರೀಮಂತರು. ಕಂಪನಿಯೂ 2010ರಲ್ಲಿ ಇಂಥದ್ದೇ ಒಂದು ಎರಡನೆಯ ಊರು ಕಟ್ಟಲು ಹೋಯಿತು, ಕೊರಿಯಾದಲ್ಲಿ.

ಹಳೆಯ ಆಟದ ಲೀಗ್‌ಗಳನ್ನು ನಡೆಸುತ್ತಿದ್ದುದು ಕೆಸ್ಪಾ ಎಂಬ ಕೊರಿಯನ್ ಸಂಸ್ಥೆ. ತಂಡಗಳು, ಸಂಬಳದ ಆಟಗಾರರು, ಟಿವಿ ಪ್ರಸಾರ ಎಲ್ಲ ಅದರ ಕಣ್ಗಾವಲಿನಲ್ಲಿ. ಆಟ ಬರೆದ ಕಂಪನಿಗೆ ಅದರಲ್ಲಿ ಹೇಳುವ ಹಕ್ಕಿರಲಿಲ್ಲ. ನಮ್ಮ ಆಟದ ಹಕ್ಕುಸ್ವಾಮ್ಯ ಒಪ್ಪಿಕೊಳ್ಳಿ ಎಂದು ಬ್ಲಿಝಾರ್ಡ್, ಆಟವೆಂದರೆ ಫುಟ್‌ಬಾಲಿನಂತೆ ಎಲ್ಲರದ್ದು ಎಂದು ಕೆಸ್ಪಾ. ಮಾತುಕತೆ ಮುರಿದುಬಿದ್ದು, 2010ರ ಮೇ ತಿಂಗಳಲ್ಲಿ ಬ್ಲಿಝಾರ್ಡ್ ಪ್ರಸಾರದ ಹಕ್ಕನ್ನು ಗೋಮ್‌ಟಿವಿ ಎಂಬ ಪ್ರಸಾರ ಸಂಸ್ಥೆಗೆ ಕೊಟ್ಟುಬಿಟ್ಟಿತು. ಹಾಗಾಗಿ ಎರಡನೆಯ ಆಟ ಬಂದಾಗ ಕೊರಿಯಾದ ದೊಡ್ಡ ತಾರೆಯರಾದ ಲೀ ಯಂಗ್-ಹೋ, ಲೀ ಜೇ-ಡಾಂಗ್ ಮುಂತಾದವರು ಹಳೆಯ ಆಟದಲ್ಲೇ ಉಳಿದರು. 'ಟೆರ್ರನ್ ಚಕ್ರವರ್ತಿ' ಎಂದು ಹೆಸರಾದ ಲಿಮ್ ಯೋ-ಹ್ವಾನ್ ಮಾತ್ರ ಆಗಲೇ ಗಡಿ ದಾಟಿ ಬಂದ. ಒಂದೇ ಊರಿನಲ್ಲಿ ಒಂದೇ ದೇವರಿಗೆ ಎರಡು ತೇರು.

ಲ್ಯಾನ್ ಸಂಗತಿಯೂ ಇದಕ್ಕೇ ಹೆಣೆದುಕೊಂಡಿದೆ. ಹಳೆಯ ಆಟವನ್ನು ಇಂಟರ್ನೆಟ್ಟಿಲ್ಲದೆ, ಒಂದೇ ಕೋಣೆಯ ಕಂಪ್ಯೂಟರ್‌ಗಳಿಗೆ ತಂತಿ ಜೋಡಿಸಿ ಆಡಬಹುದಿತ್ತು. 2009ರಲ್ಲಿ ಕಂಪನಿ ಅದನ್ನು ಹೊಸ ಆಟದಲ್ಲಿ ಕೊಡುವುದಿಲ್ಲ ಎಂದಿತು. ಕಳ್ಳಪ್ರತಿ ತಡೆಯಲು ಎಂಬುದು ಕೊಟ್ಟ ಕಾರಣ. ಆಟಗಾರರು ಸಹಿ ಸಂಗ್ರಹಿಸಿದರು, ಕಂಪನಿ ಕದಲಲಿಲ್ಲ. ಫಲವಾಗಿ ಪಕ್ಕಪಕ್ಕದ ಎರಡು ಕುರ್ಚಿಯಲ್ಲಿ ಕೂತ ಇಬ್ಬರು ಫೈನಲ್ ಆಡುವಾಗಲೂ ಅವರ ಕ್ಲಿಕ್ಕುಗಳು ದೂರದ ಸರ್ವರ್‌ಗೆ ಹೋಗಿ ಬರಬೇಕಾಯಿತು. ನೆಟ್ ಬಿದ್ದರೆ ಫೈನಲ್ಲೂ ಬೀಳುತ್ತಿತ್ತು. ಇಂಟರ್ನೆಟ್ಟಿನಲ್ಲೇ ಆಡಿ ಎಂದವರು ಜನ ಸೇರಿ ಹರಟುವ ಕೋಣೆಗಳನ್ನಾದರೂ ಕೊಟ್ಟರೇ? ಬಿಡುಗಡೆಯ ದಿನ ಅವೂ ಇರಲಿಲ್ಲ. 2011ರ ಜನವರಿಯ ತಿದ್ದುಪಡಿಯಲ್ಲಿ ಬಂದವು. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಆಗ ಕೌಂಟರ್-ಸ್ಟ್ರೈಕ್, ಡೋಟಾ ಆಡುವವರ ಗುಂಪಿತ್ತು, ಲ್ಯಾನ್ ನಂಬಿ ಬದುಕಿದ ಆಟಗಳವು. ನಾನು ಈ ಸೂತ್ರ ಹಿಡಿದು ಮನೆಯಲ್ಲಿ ಒಬ್ಬನೇ ಕೂತು, ಮುಖ ಕಾಣದ ಯಾರದೋ ಕೈಲಿ ಸೋಲುತ್ತಿದ್ದೆ.

ಕೊರಿಯಾದ ಜಗಳ 2012ರ ಮೇ ಹೊತ್ತಿಗೆ ರಾಜಿಯಾಗಿ, ಕೆಸ್ಪಾದ ತಂಡಗಳು ಹೊಸ ಆಟಕ್ಕೆ ಬರಲು ಒಪ್ಪಿದವು. ಆ ವರ್ಷದ ಆಗಸ್ಟ್ 4ರಂದು ಬ್ರೂಡ್ ವಾರ್‌ನ ಕೊನೆಯ ಓಎಸ್‌ಎಲ್ ಟೂರ್ನಿಯ ಫೈನಲ್‌ನಲ್ಲಿ ಹೋ ಯಂಗ್-ಮೂ ಗೆದ್ದ. ಸಭಾಂಗಣದಲ್ಲಿ ಜನ ಅತ್ತರು. ಹಳೆಯ ಆಟದ ಎರಡು ಚಾನೆಲ್‌ಗಳಲ್ಲಿ ಒಂದಾದ ಎಂಬಿಸಿ ಗೇಮ್ ಅಷ್ಟರಲ್ಲಾಗಲೇ ಸಂಗೀತದ ಚಾನೆಲ್ಲಾಗಿ ಬದಲಾಗಿತ್ತು. ಎರಡನೆಯ ಊರು ಕಟ್ಟಿದ್ದಾಯಿತು, ಮೊದಲ ಊರಿನವರು ಮನಸ್ಸಿಲ್ಲದ ಮನಸ್ಸಿನಿಂದ ಗಾಡಿ ಏರಿ ಬಂದರು.

ಆಮೇಲೆ – ಸ್ಟಿಮ್, ಶೀಲ್ಡ್, ಮೆಡಿವ್ಯಾಕ್; ಚದುರಿಸು

ಸಂಖ್ಯೆಗಳು ಇಲ್ಲಿಗೆ ಮುಗಿದವು. ಇನ್ನು ಬಾಯಿಪಾಠ ನಡೆಯದು. 'ಸ್ಟಿಮ್' ಎಂದರೆ ಹತ್ತು ಪ್ರಾಣಬಲ ತೆತ್ತು ಮರೀನ್ ಚುಚ್ಚಿಸಿಕೊಳ್ಳುವ ಉತ್ತೇಜಕ ಮದ್ದು, ಕಾಲಿಗೂ ಬಂದೂಕಿಗೂ ವೇಗ ಬರುತ್ತದೆ. 'ಶೀಲ್ಡ್' ಅದೇ ಹತ್ತನ್ನು ಮರಳಿಸುವ ಗುರಾಣಿ. 'ಮೆಡಿವ್ಯಾಕ್' ಹಾರುವ ಆಸ್ಪತ್ರೆ.

'ಚದುರಿಸು' ಎಂಬ ಒಂದೇ ಪದಕ್ಕೆ ಪ್ರತ್ಯೇಕ ಟೀಕೆ ಬೇಕು. ಹೊಸ ಆಟದ ಸೈನಿಕರು ದಾರಿ ಹುಡುಕುವುದರಲ್ಲಿ ಬಲು ಜಾಣರು, ಒಬ್ಬರಿಗೊಬ್ಬರು ಅಂಟಿಕೊಂಡು ಮುದ್ದೆಯಾಗಿ ನಡೆಯುತ್ತಾರೆ. ಹಳೆಯ ಆಟದ ಪೆದ್ದರು ಅಡ್ಡಾದಿಡ್ಡಿ ಚೆಲ್ಲಿಹೋಗುತ್ತಿದ್ದರು, ಯುದ್ಧ ಪರದೆಯುದ್ದಕ್ಕೂ ಹರಡುತ್ತಿತ್ತು. ಮುದ್ದೆಯೂ ಮುದ್ದೆಯೂ ಡಿಕ್ಕಿ ಹೊಡೆದರೆ ಯುದ್ಧ ಹತ್ತು ಸೆಕೆಂಡಿಗೆ ಮುಗಿಯುತ್ತದೆ, ನೋಡುವವನಿಗೆ ಕಣ್ಣು ಮಿಟುಕಿಸಲೂ ಬಿಡುವಿಲ್ಲ ಎಂಬುದು ದೊಡ್ಡ ದೂರಾಗಿತ್ತು. ಜರ್ಗ್‌ಗಳಲ್ಲಿ ಬೇನ್‌ಲಿಂಗ್ ಎಂಬ ಆಮ್ಲದ ಚೆಂಡಿದೆ. ಅದು ಉರುಳಿ ಬಂದು ಮುದ್ದೆಯ ನಡುವೆ ಸಿಡಿದರೆ ಮೂವತ್ತು ಮರೀನ್‌ಗಳು ಒಮ್ಮೆಗೇ ಕರಗುತ್ತಾರೆ. ಆಗ ಲೀ ಜಂಗ್-ಹೂನ್ ಎಂಬ ಹುಡುಗ ಬಂದ, 'ಮರೀನ್‌ಕಿಂಗ್' ಎಂದು ಹೆಸರಾದವನು. ಚೆಂಡುಗಳು ಉರುಳಿ ಬರುತ್ತಿದ್ದಂತೆ ಅವನ ಮರೀನ್‌ಗಳು ಅಕ್ಕಿ ಎರಚಿದ ಹಾಗೆ ಸುತ್ತಲೂ ಚೆಲ್ಲಿಹೋಗುತ್ತಿದ್ದರು, ಒಂದೊಂದು ಚೆಂಡಿಗೂ ಒಬ್ಬೊಬ್ಬನೇ ಬಲಿ. ಪರದೆಯ ಮುಂದೆ ಕೂತವರು ಎದ್ದು ನಿಂತು ಕೂಗಿದ್ದನ್ನು ನಾನು ಕೇಳಿದ್ದೇನೆ, ನಾನೂ ಕೂಗಿದ್ದೇನೆ. ನಮ್ಮಲ್ಲಿ ಗಮಕಿ ಪದ್ಯ ಓದಿ ನಿಲ್ಲಿಸಿದ ಮೇಲೆ ವ್ಯಾಖ್ಯಾನಕಾರ ಅರ್ಥ ಬಿಡಿಸುತ್ತಾರಲ್ಲ, ಈ ಪಂದ್ಯಗಳ ವ್ಯಾಖ್ಯಾನಕಾರರಿಗೆ ಪದ್ಯ ನಿಲ್ಲುವುದೇ ಇಲ್ಲ. ಓದು ನಡೆಯುತ್ತಿರುವಾಗಲೇ ಅರ್ಥವನ್ನೂ ಹೇಳಬೇಕು, ಕಿರುಚಲೂ ಬೇಕು.

ಆಟವನ್ನು ಸುಲಭ ಮಾಡಿದರೆಂದು ದೂರಿದವರಿಗೆ ಕಂಪನಿಯ ಕತ್ತೆಗಿಂತ ಈ ಹುಡುಗ ಕೊಟ್ಟ ಉತ್ತರ ಮೇಲು. ಕೂಲಿಗೆ ದಾರಿ ತೋರಿಸುವುದರಿಂದ ಬಿಡುವಾದ ಬೆರಳುಗಳು ಏನು ಮಾಡಬಲ್ಲವೆಂದು ಅವನು ತೋರಿಸಿದ. ಮುಂದೆ 2019ರ ಜನವರಿಯಲ್ಲಿ ಡೀಪ್‌ಮೈಂಡ್‌ನವರ ಆಲ್ಫಾಸ್ಟಾರ್ ಎಂಬ ಕೃತಕ ಬುದ್ಧಿಮತ್ತೆ ಇಬ್ಬರು ವೃತ್ತಿ ಆಟಗಾರರನ್ನು ತಲಾ 5-0ರಿಂದ ಸೋಲಿಸಿದ ಸುದ್ದಿ ಹೊರಬಂದಾಗಲೂ ಚರ್ಚೆ ಎದ್ದದ್ದು ಬೆರಳಿನ ಬಗ್ಗೆಯೇ: ಯಂತ್ರ ಗೆದ್ದದ್ದು ಯೋಚನೆಯಿಂದಲೋ, ಮನುಷ್ಯನಿಗೆ ಸಾಧ್ಯವಿಲ್ಲದಷ್ಟು ಕರಾರುವಾಕ್ಕಾದ ಕ್ಲಿಕ್ಕಿನಿಂದಲೋ? ಸೋತ ಇಬ್ಬರಲ್ಲಿ ಒಬ್ಬ, ಪೋಲೆಂಡಿನ ಮಾನಾ, ನಂತರ ನೇರಪ್ರಸಾರದಲ್ಲಿ ಒಂದು ಪಂದ್ಯ ಗೆದ್ದು ಮಾನ ಉಳಿಸಿದ. ಹೆಸರಿಗೆ ಸರಿಯಾಗಿ.

ಕೊನೆಗೆ – ಜಿಜಿ

'ಒಳ್ಳೆಯ ಆಟ' ಎಂಬುದರ ಎರಡಕ್ಷರ. ಇದನ್ನು ಬರೆಯಬೇಕಾದವನು ಸೋತವನು. ಗೆದ್ದವನು ಮೊದಲು ಬರೆದರೆ ಅದು ಅಹಂಕಾರ. ಸೂತ್ರದಲ್ಲಿ ಈ ಸಾಲನ್ನು ನಾನು ಮುಂಚೆಯೇ ಬರೆದಿಟ್ಟುಕೊಂಡಿದ್ದೇನೆ ಎಂಬುದರಿಂದ ನನ್ನ ಆಟದ ಮಟ್ಟ ನಿಮಗೆ ತಿಳಿದಿರಬಹುದು.

ಕೊರಿಯಾದಲ್ಲಿ ಸ್ಟಾರ್‌ಕ್ರಾಫ್ಟ್ 2ರ ತಂಡಗಳ ಪ್ರೋಲೀಗ್ 2016ರಲ್ಲಿ ನಿಂತಿತು. ಹಿಂದಿನ ವರ್ಷ ಮೋಸದಾಟದ ಪ್ರಕರಣ ಬಯಲಾಗಿ ಆಟದ ಮಾನ ಹೋಗಿತ್ತು, ಪ್ರೇಕ್ಷಕರು ಲೀಗ್ ಆಫ್ ಲೆಜೆಂಡ್ಸ್ ಎಂಬ ಬೇರೆ ಆಟದ ಕಡೆ ಹೋಗಿ ಬಹಳ ಕಾಲವಾಗಿತ್ತು. ಪ್ರೋಲೀಗ್ ನಿಂತ ವರ್ಷವೇ ಅಲ್ಲಿ ಹಳೆಯ ಬ್ರೂಡ್ ವಾರ್‌ಗೆ ಎಎಸ್‌ಎಲ್ ಎಂಬ ಹೊಸ ಲೀಗ್ ಶುರುವಾಯಿತು. 2017ರಲ್ಲಿ ಕಂಪನಿ ಹಳೆಯ ಆಟಕ್ಕೆ ಹೊಸ ಬಣ್ಣ ಬಳಿದು ತಂದಿತು. ತಮ್ಮನ ಮದುವೆಯಲ್ಲಿ ಅಣ್ಣನೇ ಮತ್ತೆ ಮದುಮಗನಾದ ಹಾಗಾಯಿತು. ಕೊರಿಯಾದ ಹೊರಗೆ ಮಾತ್ರ ಎರಡನೆಯ ಆಟ ಗಟ್ಟಿಯಾಗಿಯೇ ಉಳಿಯಿತು. 2018ರ ನವೆಂಬರ್‌ನಲ್ಲಿ ಫಿನ್ಲೆಂಡಿನ ಯೂನಾ ಸೊಟಾಲಾ, ಸೆರಲ್ ಎಂಬ ಹೆಸರಿನಲ್ಲಿ ಆಡುವವನು, ಕೊರಿಯನ್ನನಲ್ಲದ ಮೊದಲ ವಿಶ್ವ ಚಾಂಪಿಯನ್ ಆದ. 2020ರ ಅಕ್ಟೋಬರ್‌ನಲ್ಲಿ ಕಂಪನಿ, ಇನ್ನು ಈ ಆಟಕ್ಕೆ ಮಾರುವಂಥ ಹೊಸದೇನನ್ನೂ ತರುವುದಿಲ್ಲ ಎಂದಿತು. ತಿದ್ದುಪಡಿಗಳನ್ನು ಮಾತ್ರ ಬಿಡಲಿಲ್ಲ.

ಇಷ್ಟು ಓದಿ ಯಾರಿಗಾದರೂ ಆಡಿ ನೋಡುವ ಮನಸ್ಸಾದರೆ, 2017ರ ನವೆಂಬರ್‌ನಿಂದ 'ವಿಂಗ್ಸ್ ಆಫ್ ಲಿಬರ್ಟಿ' ಕಥೆ ಪುಕ್ಕಟೆ. ಆದರೆ ಎದುರಾಳಿಯೊಡನೆ ಆಡುವಾಗ ನನ್ನ ಈ ಸೂತ್ರ ಹಿಡಿದು ಹೋಗಬೇಡಿ. ಮೂರನೆಯ ಭಾಗ ಬಂದಾಗ ಕಂಪನಿ ಇನ್ನೊಂದು ತಿದ್ದುಪಡಿ ಮಾಡಿತು: ಆಟ ಈಗ ಆರು ಕೂಲಿಗಳಿಂದ ಶುರುವಾಗುವುದಿಲ್ಲ, ಹನ್ನೆರಡರಿಂದ ಶುರುವಾಗುತ್ತದೆ. ಹತ್ತು ಎಂಬ ಸಂಖ್ಯೆ ಬರುವುದೇ ಇಲ್ಲ.